ಬಯಲು ದಾಟುವ ಗಾಡಿ

ನಮ್ಮ ಊರಿನಲ್ಲಿ ತೆರೆದಿಟ್ಟದ್ದು ತುಂಬುತ್ತದೆ. ಲೋಟ, ಚೊಂಬು, ಬಿಟ್ಟ ಚಪ್ಪಲಿ, ಮಗುವಿನ ಗಿಲಕಿ, ಯಾವುದೇ ಇರಲಿ, ಬಾಯಿ ತೆರೆದುಕೊಂಡು ಸುಮ್ಮನೆ ಕೂತಿತೆಂದರೆ ಅದರೊಳಗೆ ಉಪ್ಪುನೀರು ಬಂದು ಕೂರುತ್ತದೆ. ಬೋರಲು ಹಾಕಿ ತಪ್ಪಿಸಿಕೊಳ್ಳಬಹುದೆಂದು ಹೊಸದಾಗಿ ಬಂದವರು ಅಂದುಕೊಳ್ಳುತ್ತಾರೆ. ಬೋರಲು ಹಾಕಿದ್ದೂ ತುಂಬುತ್ತದೆ, ಎತ್ತಿದಾಗ ಕಾಲ ಮೇಲೆ ಸುರಿಯುತ್ತದೆ, ವ್ಯತ್ಯಾಸ ಅಷ್ಟೇ. ಹಾಗಾಗಿ ನಮ್ಮಲ್ಲಿ ಎಲ್ಲದಕ್ಕೂ ಮೇಣ. ಬೀಗದ ಕೀಲಿತೂತಿಗೆ ಮೇಣ, ಕೊಳಲಿನ ತೂತುಗಳಿಗೆ ಮೇಣ, ಗೋಡೆಯಿಂದ ಕಿತ್ತ ಮೊಳೆಯ ಜಾಗಕ್ಕೂ ಮೇಣ. ಯಾರ ಸೊಂಟದಲ್ಲಿ ನೋಡಿದರೂ ಒಂದು ಉಂಡೆ ಇರುತ್ತದೆ. ಮಾತಾಡುತ್ತ ನಿಂತವರ ಕೈ ಪಕ್ಕದ ಕಂಬದಲ್ಲಿ ಕಂಡ ಬಿರುಕಿಗೆ ತಾನಾಗಿ ಮೇಣ ಮೆತ್ತುತ್ತಿರುತ್ತದೆ. ಅದು ಕೈಯ ಚಟ, ತಲೆಗೆ ಗೊತ್ತಾಗುವುದಿಲ್ಲ.

ಮಲಗುವಾಗ ಕಿವಿಗೆ ಮೇಣದ ಹತ್ತಿ, ಬಾಯಿಗೆ ಮೇಣ ಸವರಿದ ಬಾಯಿಪಟ್ಟಿ. ಮೂಗಿಗೆ ಮಾತ್ರ ಯಾಕೋ ರಿಯಾಯಿತಿ ಇದೆ. ಯಾಕೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದನ್ನೂ ಕಿತ್ತುಕೊಂಡರೆ ಏನು ಗತಿ ಎಂಬ ಭಯ. ಮಾತಾಡುವ ಬಾಯಿ, ಅಗಿಯುವ ಬಾಯಿ ತುಂಬುವುದಿಲ್ಲ. ತಾನೇ ತೆರೆದು ಮುಚ್ಚುತ್ತಿರುವುದಕ್ಕೆ ಏನೂ ಆಗದು, ತೆರೆದೇ ನಿಂತದ್ದು, ಗಾಡಿಯ ಮೇಲೆ ಓಡುತ್ತಿದ್ದರೂ, ತುಂಬುತ್ತದೆ. ಇದನ್ನು ದೂರುವ ಹಾಗೂ ಇಲ್ಲ, ನಮ್ಮ ಅನ್ನ ಇದರಲ್ಲೇ ಇದೆ. ಸಂಜೆ ಅಗಲ ಬಾಯಿಯ ಮಡಕೆಗಳನ್ನು ಸಾಲಾಗಿ ಇಟ್ಟರೆ ಬೆಳಗಾಗುವಾಗ ತುಂಬಿರುತ್ತವೆ. ಬಿಸಿಲಿಗೆ ಕಾಯಿಸಿ ಉಪ್ಪು ಮಾಡುತ್ತೇವೆ. ಬೇಸಿಗೆಯಲ್ಲಿ ಊರನ್ನು ಸುತ್ತಿದ ಉಪ್ಪಿನ ಬಯಲು ಗಟ್ಟಿಯಾದ ಮೇಲೆ ಅದರ ಆಚೆ ದಡದ ವ್ಯಾಪಾರಿಗಳು ಎತ್ತಿನ ಗಾಡಿಯಲ್ಲಿ ಬಂದು ಉಪ್ಪು ಒಯ್ಯುತ್ತಾರೆ, ಅಕ್ಕಿ, ಸೀಮೆಎಣ್ಣೆ ತಂದುಕೊಡುತ್ತಾರೆ.

ಉಳಿದ ಕಾಲದಲ್ಲಿ ಬಯಲು ದಾಟುವಂತಿಲ್ಲ. ಮೇಲೆ ಹಾಲಿನ ಕೆನೆಯಷ್ಟು ಹೆಪ್ಪು, ಕೆಳಗೆ ಕೆಸರು. ಹೆಜ್ಜೆ ಊರಿದರೆ ಹೆಜ್ಜೆಯ ಗುಳಿ ತುಂಬುತ್ತದೆ, ತುಂಬಿದ ಗುಳಿ ಸುತ್ತಲಿನದನ್ನು ಕರಗಿಸುತ್ತದೆ, ಒಂದು ಗಳಿಗೆ ನಿಂತವನು ಮೊಣಕಾಲವರೆಗೆ ಹೋಗಿರುತ್ತಾನೆ. ಅಲ್ಲಿ ಎಲ್ಲವೂ ಊರಿಗಿಂತ ಬೇಗ ತುಂಬುತ್ತದೆ. ನಡೆದು ಹೊರಟವರ ಕತೆಗಳು ಊರಿನಲ್ಲಿ ಇವೆ, ಆದರೆ ಅವುಗಳನ್ನು ಯಾರೂ ಕೊನೆಯವರೆಗೆ ಹೇಳುವುದಿಲ್ಲ.

ನಾನು ಪಾಲಾಕ್ಷ, ಸ್ಟೌ ರಿಪೇರಿ ಮಾಡುವವನು. ಪಂಪ್ ಸ್ಟೌ ನಮ್ಮ ಊರಿಗೆ ಹೇಳಿ ಮಾಡಿಸಿದ ವಸ್ತು. ಅದರ ಟ್ಯಾಂಕು ಬಿಗಿಯಾಗಿ ಮುಚ್ಚಿರಬೇಕು, ಎಲ್ಲಾದರೂ ಗಾಳಿ ಸೋರಿದರೆ ಉರಿಯುವುದಿಲ್ಲ. ಸ್ಟೌ ಕೆಟ್ಟಿದೆ ಎಂದರೆ ಎರಡೇ ಕಾರಣ: ಎಣ್ಣೆ ಚಿಮ್ಮುವ ಸಣ್ಣ ತೂತಿನ ನಿಪ್ಪಲ್ ಕಟ್ಟಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಪಿನ್ ಹಾಕಿ ಚುಚ್ಚು, ಸೋರುವಲ್ಲಿ ಮುಚ್ಚು. ಇಷ್ಟೇ ನನ್ನ ವಿದ್ಯೆ. ಇಷ್ಟನ್ನೇ ಇಟ್ಟುಕೊಂಡು ಊರಿನಲ್ಲಿ ಮಹಾ ಮೆಕ್ಯಾನಿಕ್ ಎಂದು ಮೆರೆದವನು ನಾನು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ಸರ್ವಮಂಗಳೆಯ ಮೂಗಿನಲ್ಲಿ ದುರ್ಮಾಂಸ ಬೆಳೆಯಿತು. ಮೊದಲು ಒಂದು ಹೊಳ್ಳೆ ಕಟ್ಟಿತು. ನಾವು ನಶ್ಯ ಹಾಕಿದೆವು, ಹಬೆ ಹಿಡಿದೆವು, ನಕ್ಕೆವು. ಇನ್ನೊಂದು ಹೊಳ್ಳೆ ಕಟ್ಟಿದ ದಿನ ಯಾರೂ ನಗಲಿಲ್ಲ. ಮೂಗಿನಲ್ಲಿ ಉಸಿರಾಡಲು ಆಗದವಳು ಬಾಯಿ ತೆರೆದೇ ಮಲಗಬೇಕು. ಬಾಯಿಪಟ್ಟಿ ಕಟ್ಟಿದರೆ ಉಸಿರು ಕಟ್ಟುತ್ತದೆ, ಕಟ್ಟದಿದ್ದರೆ ಬಾಯಿ ತುಂಬಿ ನೀರು ಎದೆಗೆ ಇಳಿಯುತ್ತದೆ. ಆಚೆ ದಡದಲ್ಲಿ ಆಸ್ಪತ್ರೆ ಇದೆ, ಅಲ್ಲಿ ಅದನ್ನು ಕತ್ತರಿಸಿ ತೆಗೆಯುತ್ತಾರೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಏನೂ ತುಂಬುವುದಿಲ್ಲ. ಅಲ್ಲಿ ಅವಳು ಬಾಯಿ ತೆರೆದುಕೊಂಡು ಎಷ್ಟು ಬೇಕಾದರೂ ನಿದ್ದೆ ಮಾಡಬಹುದು. ಆದರೆ ಬೇಸಿಗೆ ಇನ್ನೂ ದೂರವಿತ್ತು.

ಅವಳ ಅಕ್ಕ ಅಂಬಕ್ಕ ಗಂಡ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ನಾನೂ ಅವಳೂ ಪಾಳಿ ಹಾಕಿಕೊಂಡೆವು. ಮಂಗಳೆ ಮಲಗಿದಾಗ ಒಬ್ಬರು ತಲೆದೆಸೆಯಲ್ಲಿ ಕೂತು ಅವಳ ಬಾಯಿಗೆ ಅಂಗೈ ಒತ್ತಬೇಕು, ಉಸಿರು ಬೇಕಾದಾಗ ತೆಗೆಯಬೇಕು, ಮತ್ತೆ ಒತ್ತಬೇಕು. ಕೈ ತಡವಾಗಿ ತೆಗೆದರೆ ಒದ್ದಾಡುತ್ತಾಳೆ, ತಡವಾಗಿ ಇಟ್ಟರೆ ಗಂಟಲಲ್ಲಿ ಗುಳುಗುಳು ಕೇಳುತ್ತದೆ. ಇದನ್ನು ನಿದ್ದೆ ಎನ್ನಬೇಕೋ ಏನೆನ್ನಬೇಕೋ. ಎಚ್ಚರವಿದ್ದಾಗ ಅವಳಿಗೆ ಒಂದೇ ಉಪಾಯ, ಮಾತು. ಬಾಯಿ ಆಡುತ್ತಿದ್ದರೆ ತುಂಬುವುದಿಲ್ಲ. ಹಾಗಾಗಿ ಬೆಳಗ್ಗೆ ಎದ್ದಲ್ಲಿಂದ ಮಾತಾಡುತ್ತಿದ್ದಳು. ಬೀದಿಯವರ ಜಾತಕ, ಸಾರಿಗೆ ಹಾಕುವ ಸಾಮಾನು, ಹಳೇ ಜಗಳ, ಹೊಸ ಜಗಳ. ಮಾತು ಬತ್ತಿದಾಗ ನನ್ನನ್ನು ಬೈಯುತ್ತಿದ್ದಳು. "ಏನ್ ಮಾಡ್ಲಿ ಹೇಳ್ರೀ, ಬೇರೆ ವಿಷಯ ಎಲ್ಲಾ ಮುಗಿದೋಗುತ್ತೆ. ನಿಮ್ಮನ್ನ ಬೈಯಾಕೆ ಹೊಂಟ್ರೆ ಮಾತ್ರ ಮುಗಿಯಾದೇ ಇಲ್ಲ," ಎನ್ನುತ್ತಿದ್ದಳು. ನಗು ಬರುತ್ತಿತ್ತು. ಆದರೆ ದಿನ ಕಳೆದಂತೆ ದನಿ ಒಡೆಯಿತು, ಕೆನ್ನೆ ಒಳಗೆ ಹೋಯಿತು, ಎದೆಯಲ್ಲಿ ಅಲುಗಾಡುವ ನೀರಿನ ಸದ್ದು ಪಕ್ಕದಲ್ಲಿ ಕೂತವರಿಗೆ ಕೇಳತೊಡಗಿತು.

"ಬೇಸ್ಗೆವರ್ಗೂ ಇವಳು ಇರಾಕಿಲ್ಲ ಪಾಲಾಕ್ಷ," ಎಂದಳು ಅಂಬಕ್ಕ, ಮಂಗಳೆ ಹಿತ್ತಲಿಗೆ ಹೋದಾಗ. "ಆ ಆನೆಕಾಲು ಗಾಡೀನಾದ್ರೂ ಎಬ್ಬಿಸು. ಊರಿಗೆಲ್ಲ ಮೆಕ್ಯಾನಿಕ್ ಅಂತೀಯಲ್ಲ."

ಆನೆಕಾಲು ಗಾಡಿ ಎಂದರೆ ದಪ್ಪ ದಪ್ಪ ನಾಲ್ಕು ಚಕ್ರದ, ಬೈಕಿನ ಹಾಗೆ ಕಾಲು ಹಾಕಿ ಕೂತು ಹ್ಯಾಂಡಲ್ ಹಿಡಿದು ಓಡಿಸುವ ಗಾಡಿ. ಎಣ್ಣೆ ಹುಡುಕಲೆಂದು ಒಂದು ಕಂಪನಿಯವರು ಎಷ್ಟೋ ವರ್ಷದ ಹಿಂದೆ ಬಂದಿದ್ದರು. ಕೊರೆದ ಗುಂಡಿಗಳೆಲ್ಲ ತುಂಬಿಕೊಂಡವು, ಅವರು ಬೇಸತ್ತು ಹೋದರು. ಗಾಡಿಯನ್ನೂ, ಸೀಲು ಹಾಕಿದ ಎರಡು ಪೀಪಾಯಿ ಪೆಟ್ರೋಲನ್ನೂ, ರುದ್ರಮುನಿ ಎಂಬ ವಾಚ್‌ಮನ್ನನ್ನೂ ಬಿಟ್ಟು ಹೋದರು. ಅವರು ವಾಪಸು ಬರುತ್ತಾರೆಂದು ರುದ್ರಮುನಿ ಈಗಲೂ ಖಾಕಿ ಅಂಗಿ ಹಾಕುತ್ತಾನೆ. ಚಕ್ರ ಅಗಲವಾದ್ದರಿಂದ ಆ ಗಾಡಿ ಹೆಪ್ಪನ್ನು ಒಡೆಯದೆ ಓಡುತ್ತದೆ, ಓಡುತ್ತಲೇ ಇರಬೇಕು ಅಷ್ಟೇ. ಇಬ್ಬರ ಭಾರ ತಡೆಯುತ್ತದೆ, ಮೂರನೆಯವರು ಹತ್ತಿದರೆ ಹೆಪ್ಪು ಒಡೆಯುತ್ತದೆ.

ರುದ್ರಮುನಿ ಇಲ್ಲ ಎನ್ನಲಿಲ್ಲ. ಅವನಿಗೂ ಮಂಗಳೆಯ ಮೇಲೆ ಅಕ್ಕರೆ ಇತ್ತು, ಹಬ್ಬಕ್ಕೆ ಊಟ ಹಾಕಿದವಳು. "ತಗಂಡೋಗಿ ಪಾಲಾಕ್ಷಣ್ಣ. ಆದ್ರೆ ಒಂದ್ ಮಾತು. ಇಷ್ಟ್ ವರ್ಷ ಇದರೊಳಿಕ್ಕೆ ಒಂದ್ ತೊಟ್ಟು ನೀರು ಬಿಟ್ಟಿಲ್ಲ ನಾನು. ಟ್ಯಾಂಕಿನ ಮುಚ್ಚಳಕ್ಕೆ ಮಾತ್ರ ಬೇರೆಯೋರು ಕೈ ಹಾಕಂಗಿಲ್ಲ, ಅದು ನನ್ ಜವಾಬ್ದಾರಿ," ಎಂದ. ಗಾಡಿಯ ಮೇಲೆ ಹೊದಿಸಿದ್ದ ತಾಡಪಾಲು ತೆಗೆದ. ನಿಜವಾಗಿಯೂ ನೀಟಾಗಿ ಇಟ್ಟಿದ್ದ. ಸೈಲೆನ್ಸರಿಗೆ ಮೇಣದ ಬಿರಡೆ, ಗಾಳಿ ಎಳೆಯುವ ಕೊಳವೆಗೆ ಬಿರಡೆ, ಸ್ಕ್ರೂಗಳ ತಲೆಯ ಗೀರುಗಳಿಗೂ ಮೇಣ. ಟ್ಯಾಂಕಿನ ಮುಚ್ಚಳದ ಮೇಲಂತೂ ಹೋಳಿಗೆಯಷ್ಟು ದಪ್ಪ ಮೆತ್ತಿದ್ದ. ನಾನು ಭೇಷ್ ಎಂದೆ. ನಾನಾಗಿದ್ದರೂ ಹಾಗೇ ಮೆತ್ತುತ್ತಿದ್ದೆ.

ಗಾಡಿ ಎದ್ದಿತು. ರುದ್ರಮುನಿ ಹಳೇ ಪೆಟ್ರೋಲು ಚೆಲ್ಲಿ ಹೊಸದು ಹಾಕಿ ಮುಚ್ಚಳಕ್ಕೆ ಮತ್ತೆ ಮೇಣ ಮೆತ್ತಿದ. ನಾನು ಪ್ಲಗ್ಗು ಉಜ್ಜಿ, ಎಂಜಿನ್ ಎಬ್ಬಿಸುವ ಹಗ್ಗ ಎಳೆದ ಸ್ವಲ್ಪ ಹೊತ್ತಿಗೇ ಹೊಗೆ ಕಾರಿಕೊಂಡು ಎದ್ದಿತು. ಅಂಬಕ್ಕ ಬಾಗಿಲಲ್ಲಿ ನಿಂತು ಕೈ ಮುಗಿದಳು. ನಾನು ಅದರ ಮೇಲೆ ಕೂತು ಬೀದಿಯುದ್ದಕ್ಕೂ ಹೋದೆ. ಮಡಕೆ ಸಾಲಿನ ಹತ್ತಿರ ಅದು ಒಂದೆರಡು ಸಲ ಬಿಕ್ಕಿ, ಮುಗ್ಗರಿಸಿ, ನಿಂತುಬಿಟ್ಟಿತು.

ಅಲ್ಲಿಂದ ನನ್ನ ಗ್ರಹಚಾರ ಶುರು. ರುದ್ರಮುನಿ ಓಡಿ ಬಂದು, ಎಲ್ಲ ಬಿರಡೆ ಹಾಕಿ, ಮುಚ್ಚಳದ ಮೇಣ ಕಿತ್ತು, ಮುಚ್ಚಳ ತಿರುಗಿಸಿ, ಒಣ ಕಡ್ಡಿ ಅದ್ದಿ ನೋಡಿದ. "ಪೆಟ್ರೋಲ್ ಐತೆ. ನೀರಿಲ್ಲ," ಎಂದು ಮುಚ್ಚಳ ಹಾಕಿ ಮತ್ತೆ ಮೇಣ ಮೆತ್ತಿದ. ಅಷ್ಟರಲ್ಲಿ ನಾನು ಕಾರ್ಬುರೇಟರ್ ಬಿಚ್ಚಿ ಅದರ ಸಣ್ಣ ತೂತುಗಳಿಗೆ ಸ್ಟೌ ಪಿನ್ ಹಾಕಿ ಚುಚ್ಚಿದ್ದೆ. ಜೋಡಿಸಿ ಎಳೆದರೆ ಒಂದೇ ಎಳೆತಕ್ಕೆ ಎದ್ದಿತು. "ನೋಡಿದ್ಯಾ, ನಿಪ್ಪಲ್ ಕಟ್ಟಿತ್ತು," ಎಂದೆ. ಮತ್ತೆ ಮಡಕೆ ಸಾಲಿನವರೆಗೆ ಹೋಯಿತು, ಮತ್ತೆ ನಿಂತಿತು.

ಆಮೇಲೆ ಪ್ಲಗ್ಗು ಬದಲಾಯಿಸಿದೆ. ಎದ್ದಿತು, ನಿಂತಿತು. ವೈರುಗಳನ್ನು ಬಿಚ್ಚಿ ಕೆರೆದು ಕಟ್ಟಿದೆ. ಎದ್ದಿತು, ನಿಂತಿತು. ಬಿಸಿಯಾಗಿ ನಿಲ್ಲುತ್ತಿದೆಯೇನೋ ಎಂದು ಎಂಜಿನ್ನಿಗೆ ಒದ್ದೆ ಗೋಣಿ ಸುತ್ತಿದೆ. ಕಾರ್ಬುರೇಟರಿನ ರಬ್ಬರ್ ಕೊಳವೆ ಗಾಳಿ ಸೋರುತ್ತಿರಬೇಕೆಂದು ಅದಕ್ಕೂ ಮೇಣದ ಬಟ್ಟೆ ಬಿಗಿದೆ. ಪ್ರತಿ ಸಲವೂ ರುದ್ರಮುನಿ ಮುಚ್ಚಳ ತೆಗೆದು ಕಡ್ಡಿ ಅದ್ದಿ, ಪೆಟ್ರೋಲ್ ಐತೆ ನೀರಿಲ್ಲ ಎಂದು ಮುಚ್ಚುತ್ತಿದ್ದ. ಪ್ರತಿ ಸಲವೂ ಗಾಡಿ ಎದ್ದುಬಿಡುತ್ತಿತ್ತು. ಅದೇ ನನ್ನನ್ನು ಕೆಡಿಸಿತು. ಏಳದೇ ಇದ್ದಿದ್ದರೆ ಬೇರೆ ಏನಾದರೂ ಯೋಚಿಸುತ್ತಿದ್ದೆ. ಏನು ಮಾಡಿದರೂ ಏಳುತ್ತಿದ್ದುದರಿಂದ, ನಾನು ಮಾಡಿದ್ದೇ ಸರಿ, ಇನ್ನೂ ಸ್ವಲ್ಪ ಉಳಿದಿದೆ ಎಂದು ನಂಬಿಕೊಂಡೆ. ಬೀದಿಯಲ್ಲಿ ಹೋಗುವವರೂ ಸುಮ್ಮನೆ ಹೋಗುತ್ತಿರಲಿಲ್ಲ. ಬಂದು ನಿಂತು, ತಲೆ ಆಡಿಸಿ, ಒಳ್ಳೆಯ ಮನಸ್ಸಿನಿಂದ ಮುಚ್ಚಳದ ಮೇಲೆ ತಮ್ಮ ಸೊಂಟದ ಉಂಡೆಯಿಂದ ಒಂದು ಚೂರು ಮೇಣ ಒತ್ತಿ ಹೋಗುತ್ತಿದ್ದರು.

ಮಂಗಳೆ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತ ಮಾತಾಡುತ್ತಿದ್ದಳು. "ಅಯ್ಯೋ, ನಿಲ್ತು. ಈಗ ನಮ್ಮೋರು ಪಿನ್ ತೆಗೀತಾರೆ. ತೆಗೆದ್ರು. ಸ್ಟೌಗೂ ಪಿನ್ನು, ಗಾಡಿಗೂ ಪಿನ್ನು. ನಾಳೆ ನನ್ ಮೂಗಿಗೂ ಪಿನ್ ಹಾಕ್ತೀರೇನೋ." ನನಗೆ ಸಿಟ್ಟು ಬಂತು. ಸ್ಪ್ಯಾನರ್ ನೆಲಕ್ಕೆ ಬಿಸಾಡಿ, ಬಾಯಿ ಮುಚ್ಚು ಎಂದುಬಿಟ್ಟೆ. ಅವಳು ಒಂದು ಗಳಿಗೆ ನಿಜವಾಗಿಯೂ ಸುಮ್ಮನಾಗಿ ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಮುಚ್ಚಾಕಾಗಿದ್ರೆ ಇಷ್ಟೆಲ್ಲ ಯಾಕ್ರೀ," ಎಂದಳು. ಒಳಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬಗ್ಗಿ ಸ್ಪ್ಯಾನರ್ ಎತ್ತಿಕೊಂಡೆ.

ಒಂದು ಬೆಳಗ್ಗೆ ಅವಳು ಎದ್ದಾಗ ತುಟಿ ನೀಲಿಯಾಗಿತ್ತು. ಕೆಮ್ಮಿದರೆ ಅರ್ಧ ಚೊಂಬಿನಷ್ಟು ಉಪ್ಪುನೀರು ಬಂತು. ಅಂಬಕ್ಕ ಸೆರಗಿನಿಂದ ಅದನ್ನು ಒರೆಸುತ್ತ, "ನಿನ್ ಗಾಡಿ ಸರಿಹೋಗಾಗಂಟ ಇವಳು ಕಾಯಾಕಿಲ್ಲ. ನಿಂತ್ರೆ ನಿಲ್ಲಲಿ, ಮತ್ತೆ ಎಬ್ಬಿಸ್ಕಂಡು ಹೋಗು," ಎಂದಳು. ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ನಿಂತಾಗೆಲ್ಲ ಎದ್ದಿದೆಯಲ್ಲ. ಚಕ್ರದ ಗುಳಿ ತುಂಬಿ ಗಾಡಿ ಹೂತುಕೊಳ್ಳುವುದರೊಳಗೆ ಎಬ್ಬಿಸಿದರಾಯಿತು. ಹಾಗೆ ಹೊರಟೆವು. ರುದ್ರಮುನಿ ಕೊನೆಯ ಸಲ ಮುಚ್ಚಳಕ್ಕೆ ಮೇಣ ಒತ್ತಿ, ಹೆಬ್ಬೆರಳಿನಿಂದ ನುಣ್ಣಗೆ ಮಾಡಿ, ಕಣ್ಣಿಗೆ ಒತ್ತಿಕೊಂಡ. ಅಂಬಕ್ಕ ತಂಗಿಯ ಬಾಯಿಪಟ್ಟಿಯನ್ನು ಮಡಿಸಿ ಅವಳ ಮಡಿಲಿಗೆ ಹಾಕಿದಳು, ಅದು ಯಾವ ಕೆಲಸಕ್ಕೂ ಬರುವುದಿಲ್ಲವೆಂದು ಗೊತ್ತಿದ್ದರೂ.

ಮಂಗಳೆಯನ್ನು ಮುಂದೆ ಕೂರಿಸಿಕೊಂಡೆ, ಮಕ್ಕಳನ್ನು ಕೂರಿಸಿಕೊಳ್ಳುವ ಹಾಗೆ. ಬೆನ್ನ ಹಿಂದೆ ಕೂತರೆ ಅವಳ ಮಾತು ನಿಂತದ್ದು ನನಗೆ ಗೊತ್ತಾಗುವುದಿಲ್ಲವಲ್ಲ. ಅವಳ ಬೆನ್ನು ನನ್ನ ಎದೆಗೆ ತಾಗಿತ್ತು, ಎದೆಯೊಳಗಿನ ನೀರು ತುಳುಕುವುದು ನನಗೆ ಗೊತ್ತಾಗುತ್ತಿತ್ತು. ಬಯಲಿಗೆ ಇಳಿದಾಗ ಬಿಸಿಲು ಎಳೆಯದಾಗಿತ್ತು. ಸುತ್ತ ಬೆಳ್ಳಗೆ, ಎಲ್ಲೂ ಒಂದು ಗಿಡವಿಲ್ಲ. "ಎಷ್ಟ್ ಚೆನ್ನಾಗೈತ್ರೀ," ಎಂದಳು. "ಇಷ್ಟ್ ವರ್ಷ ಆ ಅಡುಗೆಮನೇಲಿ ಕೂರಿಸಿ, ಇದನ್ನ ತೋರಿಸ್ಲೇ ಇಲ್ಲ ನೀವು." ಹಾಗೇ ನನ್ನ ತಪ್ಪುಗಳ ಪಟ್ಟಿ ಶುರುವಾಯಿತು, ನಾನು ಹೂಂಗುಟ್ಟುತ್ತ ಓಡಿಸಿದೆ.

ಮೊದಲನೇ ಸಲ ನಿಂತಾಗ ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದೆ. ಹಗ್ಗ ಎಳೆದರೆ ಏಳಲಿಲ್ಲ. ಎಳೆದೂ ಎಳೆದೂ ಅಂಗೈ ಸುಲಿಯಿತು. ಚಕ್ರದ ಸುತ್ತ ಹೆಪ್ಪು ಕಪ್ಪಾಗಿ ನೀರು ಜಿನುಗತೊಡಗಿತು. ಆಗ ಹಾಗೇ ಒಂದು ಸಲ ಎದ್ದುಬಿಟ್ಟಿತು, ಯಾಕೆ ಎದ್ದಿತೋ ತಿಳಿಯದು. ಎರಡನೇ ಸಲ ನಿಂತಾಗ ಅದೂ ಇಲ್ಲ. ಪಿನ್ ಹಾಕಿದೆ, ವೈರು ಅಲ್ಲಾಡಿಸಿದೆ, ಬೈದೆ. ಹಿಂದಿನ ಒಂದು ಚಕ್ರ ಗೇಣುದ್ದ ಇಳಿಯಿತು. ಊರಿನಲ್ಲಿ ಇಷ್ಟೆಲ್ಲ ಮಾಡಿದಾಗ ಏಳುತ್ತಿತ್ತಲ್ಲ, ಅಲ್ಲಿ ಏನಿತ್ತು, ಇಲ್ಲಿ ಏನಿಲ್ಲ? ಇಲ್ಲದೇ ಇದ್ದವನು ರುದ್ರಮುನಿ ಒಬ್ಬನೇ. ಅವನು ಮಾಡುತ್ತಿದ್ದುದನ್ನೂ ಮಾಡಿಬಿಡೋಣವೆಂದು ಮುಚ್ಚಳಕ್ಕೆ ಕೈ ಹಾಕಿದೆ. ಅದು ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿಯಾಗಿತ್ತು. ಕಷ್ಟಪಟ್ಟು ತಿರುಗಿಸಿದಾಗ ಸುಸ್ ಎಂದು ಗಾಳಿ ಒಳಗೆ ನುಗ್ಗಿತು. ಸ್ಟೌ ಆಗಿದ್ದರೆ ಗಾಳಿ ಹೊರಗೆ ಬರುತ್ತದೆ. ಇದು ಒಳಗೆ ಎಳೆದುಕೊಂಡಿತು, ತುಂಬ ಹೊತ್ತು ಮುಳುಗಿದ್ದವನು ಎದ್ದು ಉಸಿರು ಎಳೆದ ಹಾಗೆ.

ನಾನು ಮುಚ್ಚಳ ಹಿಡಿದು ನಿಂತಿದ್ದೆ. ಮಂಗಳೆಯೇ ಹೇಳಿದ್ದು. "ಪಾಪ, ಅದಕ್ಕೂ ಮೂಗು ಕಟ್ಟೈತೆ ಕಣ್ರೀ."

ಮುಚ್ಚಳ ತಿರುವಿ ನೋಡಿದೆ. ಒಳಬದಿಯ ನಟ್ಟನಡುವೆ ಒಂದು ತೂತು, ಸೂಜಿಮೊನೆಯಷ್ಟು. ಹೊರಬದಿಯಲ್ಲಿ ಇಡೀ ಊರಿನ ಮೇಣ. ಪೆಟ್ರೋಲು ಕೆಳಗೆ ಇಳಿಯಬೇಕಾದರೆ ಮೇಲಿನಿಂದ ಗಾಳಿ ಒಳಗೆ ಹೋಗಬೇಕು, ಅದಕ್ಕೆಂದು ಮಾಡಿದವರು ಆ ತೂತು ಬಿಟ್ಟಿದ್ದರು. ನಾವು ಮುಚ್ಚಿದ್ದೆವು. ತೂತು ಕಂಡರೆ ನಮಗೆ ಬೇರೆ ಏನು ತೋಚುತ್ತದೆ? ಕಂಡದ್ದೂ ಇಲ್ಲ, ಕಾಣುವ ಮೊದಲೇ ಮುಚ್ಚಿರುತ್ತೇವೆ. ನನಗೆ ನಗು ಬಂತು, ಅಳುವೂ ಬಂತು. ಪಿನ್ ತೆಗೆದು ಮೇಣವನ್ನೆಲ್ಲ ಕೆರೆದು ಕಿತ್ತು ಬಯಲಿಗೆ ಎಸೆದೆ. ಮೊದಲ ಎಳೆತಕ್ಕೇ ಗಾಡಿ ಎದ್ದಿತು. ಹೂತ ಚಕ್ರ ಕೆಸರು ಕಾರಿಕೊಂಡು ಮೇಲೆ ಬಂತು.

ಆದರೆ ತೂತು ತೆರೆದಿಟ್ಟರೆ ಟ್ಯಾಂಕಿಗೆ ನೀರು ಬರುತ್ತದೆ, ಅದೂ ಬಯಲಿನಲ್ಲಿ. ಸ್ವಲ್ಪ ದೂರ ಹೋಗುವುದರೊಳಗೆ ಎಂಜಿನ್ ನೀರು ಕುಡಿದು ಕೆಮ್ಮಿತು. ಮಂಗಳೆ ಕೂಡಲೇ ತೂತಿನ ಮೇಲೆ ಹೆಬ್ಬೆರಳು ಒತ್ತಿದಳು. "ನಾನ್ ನೋಡ್ಕಂತೀನಿ. ನನಗೆ ಅಭ್ಯಾಸ ಐತೆ," ಎಂದಳು. ಎಂಜಿನ್ನಿನ ದನಿ ಸಣ್ಣಗಾದಾಗ ಬೆರಳು ಎತ್ತುತ್ತಿದ್ದಳು, ಅದು ಉಸಿರು ಎಳೆದುಕೊಂಡ ಮೇಲೆ ಮತ್ತೆ ಒತ್ತುತ್ತಿದ್ದಳು. ಎತ್ತು, ಒತ್ತು. ನಾನೂ ಅಂಬಕ್ಕನೂ ಅವಳಿಗೆ ಮಾಡುತ್ತಿದ್ದುದನ್ನು ಅವಳು ಗಾಡಿಗೆ ಮಾಡಿದಳು, ಮಾತಾಡುತ್ತಲೇ ಮಾಡಿದಳು. ಗಾಡಿ ಓಡಿತು. ನಾನು ಹುಟ್ಟಿದಾಗಿನಿಂದ ಅಷ್ಟು ಸಂತೋಷಪಟ್ಟಿಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಅವಳ ಕೂದಲು ನನ್ನ ಬಾಯಿಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮೂಗು ಸರಿಯಾದ ಮೇಲೆ ಮೊದಲು ಏನು ಮಾಡುತ್ತೀಯ ಎಂದು ಕೇಳಿದೆ. "ಮಲಗ್ತೀನಿ ಕಣ್ರೀ. ನೀವು ಎಬ್ಬಿಸಬಾರ್ದು. ಊಟಕ್ಕೂ ಎಬ್ಬಿಸಬಾರ್ದು. ಎದ್ದ ಮೇಲೆ ಬಾಯಿ ಮುಚ್ಕಂಡು ಸುಮ್ನೆ ಕೂತಿರ್ತೀನಿ. ಒಂದ್ ಮಾತೂ ಆಡಲ್ಲ. ನಿಮಗೇ ಬೇಜಾರಾಗಬೇಕು," ಎಂದಳು.

ದಡ ಕಾಣಿಸಿತು, ಸಣ್ಣ ಕಪ್ಪು ಗೆರೆ. ಅದು ಹತ್ತಿರ ಬಂದ ಹಾಗೇ ಕಾಣುತ್ತದೆ, ಬರುವುದಿಲ್ಲ. ಬಿಸಿಲು ಏರಿತ್ತು. ಅವಳ ಮಾತು ತುಂಡುತುಂಡಾಯಿತು. ಹೇಳಿದ್ದನ್ನೇ ಹೇಳತೊಡಗಿದಳು. ಸಾಸಿವೆ, ಮೆಂತ್ಯ, ಒಣಮೆಣಸು. ಸಾಸಿವೆ, ಮೆಂತ್ಯ. ನಾನು ಅವಳ ಭುಜಕ್ಕೆ ಗಲ್ಲದಿಂದ ತಿವಿದೆ, ಹೆಸರು ಹಿಡಿದು ಕೂಗಿದೆ, ಸಿಟ್ಟು ಬರಲೆಂದು ಅವಳ ಅಕ್ಕನನ್ನು ಬೈದೆ. "ಹೂಂ," ಎಂದಳು. ಆಮೇಲೆ ಎಂಜಿನ್ನಿನ ದನಿ ಸಣ್ಣಗಾಯಿತು, ಬೆರಳು ಏಳಲಿಲ್ಲ. ಅವಳಿಗೆ ನಿದ್ದೆ ಬಂದದ್ದು ನನಗೆ ಗೊತ್ತಾದದ್ದು ಹಾಗೆ.

ಎಡಗೈಯಿಂದ ಅವಳ ಬೆರಳು ಸರಿಸಿ ಗಾಡಿಗೆ ಉಸಿರು ಕೊಟ್ಟೆ. ಬಲಗೈ ಹ್ಯಾಂಡಲಿನಲ್ಲಿ, ಆಕ್ಸಿಲರೇಟರ್ ಅಲ್ಲೇ ಇದೆ, ಬಿಡುವ ಹಾಗಿಲ್ಲ. ಅವಳ ತಲೆ ನನ್ನ ತೋಳಿನ ಮೇಲೆ ವಾಲಿ ಬಾಯಿ ತೆರೆದುಕೊಂಡಿತು. ಎಡಗೈಯನ್ನು ಅವಳ ಬಾಯಿಗೆ ಒತ್ತಿದೆ. ಕೂಡಲೇ ತೂತಿನಿಂದ ನೀರು ಬಂದು ಎಂಜಿನ್ ಕೆಮ್ಮಿತು. ಕೈಯನ್ನು ತೂತಿಗೆ ತಂದೆ, ಅವಳ ಗಂಟಲು ಗುಳುಗುಳು ಎಂದಿತು. ಸೊಂಟದ ಉಂಡೆಯಿಂದ ಮೇಣ ಕಿತ್ತು ಮುಚ್ಚಳಕ್ಕೆ ಒತ್ತಿದೆ. ಓಡುವ ರಭಸಕ್ಕೆ ಪೆಟ್ರೋಲು ತುಳುಕಿ ಮುಚ್ಚಳವೆಲ್ಲ ಒದ್ದೆಯಾಗಿತ್ತು, ಮೇಣ ಕರಗಿ ಜಾರಿತು. ಅವಳ ಬಾಯಿಪಟ್ಟಿಯನ್ನೇ ಸುತ್ತಿ ನೋಡಿದೆ, ಅದು ಗಾಳಿಗೆ ಹಾರಿಹೋಯಿತು. ಮೊಣಕಾಲು ಒತ್ತಲು ನೋಡಿದೆ, ಎಟುಕಲಿಲ್ಲ. ಎಡಗೈ ಅವಳ ಬಾಯಿಗೂ ಮುಚ್ಚಳಕ್ಕೂ ಓಡಾಡಿತು. ಎರಡಕ್ಕೂ ಅರ್ಧ ಅರ್ಧ ಸಿಕ್ಕಿತು. ಅರ್ಧ ಎರಡಕ್ಕೂ ಸಾಲಲಿಲ್ಲ.

ಒಂದು ಸಲ ಅವಳಿಗೆ ಎಚ್ಚರವಾಯಿತು. ನನ್ನ ಅಂಗೈ ಅವಳ ಬಾಯಿಯ ಮೇಲಿತ್ತು. ಅದನ್ನು ತನ್ನ ಎರಡೂ ಕೈಯಿಂದ ಹಿಡಿದು ಸ್ವಲ್ಪ ಸರಿಸಿ, "ಕೈ ತೆಗೀಬೇಡಿ ರೀ," ಎಂದಳು. ತೆಗೆಯುವುದಿಲ್ಲ ಎಂದೆ. ಅವಳು ನಂಬಿ ಕಣ್ಣು ಮುಚ್ಚಿದಳು.

ಎಂಜಿನ್ ಮುಗ್ಗರಿಸಿತು. ಗಾಡಿಯ ವೇಗ ಇಳಿದು ಹಿಂದಿನ ಚಕ್ರಗಳ ಕೆಳಗೆ ಹೆಪ್ಪು ಬಿರಿದ ಸದ್ದು ಕೇಳಿತು. ದಡದಲ್ಲಿ ಒಂದು ಮರ, ಮರದ ಕೆಳಗೆ ಒಂದು ಬಿಳಿ ಗೋಡೆ ಕಾಣುತ್ತಿತ್ತು. ನಿಂತರೆ ಇಬ್ಬರೂ ಇಲ್ಲೇ ಎಂದು ಲೆಕ್ಕ ಹಾಕಿದೆ. ಓಡಿದರೆ ಒಂದಿಷ್ಟು ಹೊತ್ತು ಅಷ್ಟೇ, ಅವಳು ತಡೆದಾಳು, ಮನೆಯಲ್ಲಿ ಎಷ್ಟೋ ಸಲ ತಡೆದಿದ್ದಾಳೆ, ಆಸ್ಪತ್ರೆಯವರು ನೀರು ತೆಗೆಯುತ್ತಾರೆ ಎಂದೂ ಅಂದುಕೊಂಡೆ. ಇದು ಅವಳಿಗಾಗಿ ಹಾಕಿದ ಲೆಕ್ಕವೋ, ಕೆಸರಿಗೆ ಹೆದರಿದವನ ಲೆಕ್ಕವೋ ನನಗೆ ಗೊತ್ತಿಲ್ಲ. ಆಗಲೂ ಗೊತ್ತಿರಲಿಲ್ಲ. ಅವಳ ಕೈಗಳ ನಡುವಿನಿಂದ ನನ್ನ ಕೈ ಬಿಡಿಸಿಕೊಂಡೆ. ಬಿಗಿಯಾಗಿ ಹಿಡಿದಿದ್ದಳು, ಒಂದೊಂದೇ ಬೆರಳು ಬಿಡಿಸಬೇಕಾಯಿತು. ಹೆಬ್ಬೆರಳನ್ನು ಮುಚ್ಚಳದ ಮೇಲಿಟ್ಟು ಒತ್ತಿದೆ, ಎತ್ತಿದೆ, ಒತ್ತಿದೆ. ಗಾಡಿ ಕೆಮ್ಮು ಬಿಟ್ಟು ಒಂದೇ ದನಿಯಲ್ಲಿ ಹಿಡಿದುಕೊಂಡಿತು. ಅಷ್ಟು ಚೆನ್ನಾಗಿ ಅದು ಯಾವತ್ತೂ ಓಡಿರಲಿಲ್ಲ.

ನಾನು ಕೆಳಗೆ ನೋಡಲಿಲ್ಲ. ಮರವನ್ನೇ ನೋಡಿದೆ. ತೋಳಿನ ಮೇಲೆ ತಣ್ಣಗೆ ನೀರು ಹರಿದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಮಾತಾಡು ಮಂಗಳಾ, ಮಾತಾಡೇ, ಬೈಯೇ ಎಂದು ನಾನೇ ಒಬ್ಬನೇ ಕೂಗುತ್ತಿದ್ದೆ. ದಡ ಹತ್ತಿ ಗಟ್ಟಿ ನೆಲದ ಮೇಲೆ ಚಕ್ರ ಕುಲುಕಿದಾಗಲೂ ಕೂಗುತ್ತಿದ್ದೆನಂತೆ. ಬಿಳಿ ಗೋಡೆಯ ಕಡೆಯಿಂದ ಜನ ಓಡಿ ಬಂದರು. ಅವಳನ್ನು ಇಳಿಸಿಕೊಂಡರು, ಬೆನ್ನು ತಟ್ಟಿದರು, ತಲೆಕೆಳಗು ಮಾಡಿದರು, ಮಗ್ಗುಲಿಗೆ ಮಲಗಿಸಿ ಹೊಟ್ಟೆ ಒತ್ತಿದರು. ಎಷ್ಟೊಂದು ನೀರು ಬಂತು. ಆಮೇಲೆ ಅವರು ಕೈ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಗಾಡಿ ಇನ್ನೂ ಓಡುವ ಸದ್ದು ಮಾಡುತ್ತಲೇ ಇತ್ತು. ಯಾರೋ ಬಂದು ಅದನ್ನು ಆರಿಸಿದರು.

ಅವಳನ್ನು ಇಲ್ಲಿಯೇ ಮಣ್ಣು ಮಾಡಿದ್ದಾಯಿತು. ಇಲ್ಲಿಯ ಜನ ಒಳ್ಳೆಯವರು. ಬೇಸಿಗೆ ಬರಲಿ, ಬಯಲು ಗಟ್ಟಿಯಾದ ಮೇಲೆ ವ್ಯಾಪಾರಿಗಳ ಜೊತೆ ಹೋಗುವಿರಂತೆ ಎನ್ನುತ್ತಾರೆ. ಕಾಯುವ ಅಗತ್ಯವಿಲ್ಲ. ಟ್ಯಾಂಕಿನ ನೀರು ಚೆಲ್ಲಿ ಒಣಗಿಸಿದ್ದೇನೆ, ಹೊಸ ಪೆಟ್ರೋಲು ಹಾಕಿದ್ದೇನೆ. ಒಬ್ಬನೇ ಆದರೆ ಎರಡು ಕೈ ಸಾಕು, ಯಾವಾಗ ಬೇಕಾದರೂ ಹೊರಡಬಹುದು. ಆದರೂ ದಿನವೂ ಹಗ್ಗ ಹಿಡಿದು ನಿಲ್ಲುತ್ತೇನೆ, ಎಳೆಯುವುದಿಲ್ಲ. ಊರು ಮುಟ್ಟಿದರೆ ಅಂಬಕ್ಕ ಸದ್ದು ಕೇಳಿದ ಕೂಡಲೇ ಬಾಗಿಲಿಗೆ ಬರುತ್ತಾಳೆ, ನನ್ನ ಮುಂದೆ ಯಾರಿದ್ದಾರೆಂದು ನೋಡುತ್ತಾಳೆ. ಗಾಡಿ ಸರಿಯಾಯಿತು ಅತ್ತಿಗೆ, ಕೊನೆಗೆ ಎಲ್ಲೂ ನಿಲ್ಲಲಿಲ್ಲ ಎಂದು ಶುರು ಮಾಡಬೇಕು. ಅದರ ಮುಂದಿನ ಮಾತು ನನಗೆ ಇನ್ನೂ ಸಿಕ್ಕಿಲ್ಲ.